ಬಿಟ್ಟಿ ತಿಂದವರು ಯಾರು?

ಮೂಡಿಗೆರೆಯ ಪೆಟ್ರೋಲ್ ಬಂಕಿನ ಎದುರು ಬೆಳಗ್ಗೆ ಏಳು ಗಂಟೆಗೆ ನಿಂತು ನೋಡಿ. ಒಂದು ಪಿಕಪ್ ಬರುತ್ತದೆ. ಹಿಂದುಗಡೆ ಹದಿನೈದು ಇಪ್ಪತ್ತು ಹೆಣ್ಣಾಳುಗಳು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿರುತ್ತಾರೆ. ತಲೆಗೆ ಟವಲು, ಕೈಯಲ್ಲಿ ಕತ್ತಿ, ಬುತ್ತಿಯ ಚೀಲ. ಡ್ರೈವರ್ ಇಳಿದು ಡೀಸೆಲ್ ಹಾಕಿಸುತ್ತಾನೆ. ಮೀಟರು ತಿರುಗೋದನ್ನ ಅವನು ನೋಡುತ್ತಾನೆ, ಬಂಕಿನ ಹುಡುಗ ನೋಡುತ್ತಾನೆ. ಹಿಂದೆ ನಿಂತವರು ನೋಡುವುದಿಲ್ಲ. ಆದರೆ ಆ ಡೀಸೆಲಿಗೆ ಕೊನೆಗೆ ದುಡ್ಡು ಕೊಡುವವರು ಅವರೇ. ಕೂಲಿಯಲ್ಲಿ ಹಿಡಿದುಕೊಳ್ಳುವ ಗಾಡಿ ಬಾಡಿಗೆಯಾಗಿ, ಏರಬೇಕಾಗಿದ್ದೂ ಏರದೆ ಉಳಿದ ಕೂಲಿಯಾಗಿ, ಅಂಗಡಿಯ ಎಣ್ಣೆ ಬೇಳೆಯ ಮೇಲೆ ಕೂತ ಲಾರಿ ಖರ್ಚಾಗಿ ಅದು ಅವರ ತಲೆಗೇ ಬಂದು ಬೀಳುತ್ತದೆ.

ಇವರಿಗೆ ನಮ್ಮ ಪೇಟೆಯ ಜನ, ನಮ್ಮ ಪತ್ರಿಕೆಗಳು, ನಮ್ಮ ಟಿವಿಯವರು ಇಟ್ಟಿರುವ ಹೆಸರು ಏನು ಗೊತ್ತೇ? ಬಿಟ್ಟಿ ಭಾಗ್ಯದವರು. ಬಿಟ್ಟಿ ಅಕ್ಕಿ, ಬಿಟ್ಟಿ ಕರೆಂಟು, ಬಿಟ್ಟಿ ಬಸ್ಸು ತಿಂದು ರಾಜ್ಯವನ್ನು ದಿವಾಳಿ ಮಾಡುತ್ತಿರುವವರು.

ಬಿಟ್ಟಿ ಎಂಬ ಈ ಪದವನ್ನು ಬಾಯಿಗೆ ಬಂದ ಹಾಗೆ ಆಡುವವರು ಒಂದು ಗಳಿಗೆ ನಿಂತು ಕೇಳಬೇಕು. ಬಿಟ್ಟಿ ಎಂದರೆ ಪುಕ್ಕಟೆ ಪಡೆದದ್ದಲ್ಲ, ಪುಕ್ಕಟೆ ದುಡಿದದ್ದು. ಬಿಟ್ಟಿ ಚಾಕರಿ ಮಾಡಿದವರು ನಮ್ಮ ಅಜ್ಜಂದಿರು. ಗೌಡನ ಮನೆಗೆ ಸೌದೆ ಹೊತ್ತವರು, ಸತ್ತ ದನ ಎಳೆದವರು, ಜಾತ್ರೆಗೆ ತಮಟೆ ಬಡಿದವರು, ಸರ್ಕಾರಿ ಸಾಹೇಬ ಬಂದರೆ ಅವನ ಸಾಮಾನು ಹೊತ್ತು ಘಟ್ಟ ಹತ್ತಿದವರು. ಹಳೆಯ ಶಾಸನಗಳನ್ನು ತೆಗೆದು ನೋಡಿ, ಬಿಟ್ಟಿ ಎಂಬುದು ತೆರಿಗೆಗಳ ಸಾಲಿನಲ್ಲಿ ಬರುತ್ತದೆ. ಹಣ ಇಲ್ಲದವನು ಮೈಯಲ್ಲಿ ಕಟ್ಟಬೇಕಾಗಿದ್ದ ತೆರಿಗೆ ಅದು. ಕೊಟ್ಟವರು ನಾವು, ತಿಂದವರು ಅವರು. ಇವತ್ತು ಪದವನ್ನು ತಿರುವಿ ಹಾಕಿ, ಕೊಟ್ಟವನನ್ನೇ ತಿಂದವನು ಅನ್ನುತ್ತಿದ್ದಾರೆ. ಜಮೀನು ಕಸಿದುಕೊಂಡರು, ನೀರು ಕಸಿದುಕೊಂಡರು, ಈಗ ನಮ್ಮ ಬೆನ್ನಿನ ಮೇಲಿನ ಪದವನ್ನೂ ಕಸಿದುಕೊಂಡು ನಮ್ಮ ಮುಖಕ್ಕೇ ಎರಚುತ್ತಿದ್ದಾರೆ.

ಹಾಗಾದರೆ ಲೆಕ್ಕ ಮಾಡೋಣ. ಕೂಲಿ ಲೆಕ್ಕ ಬಲ್ಲವರಿಗೆ ತೆರಿಗೆ ಲೆಕ್ಕ ಏನೂ ಕಷ್ಟವಲ್ಲ.

2024ರ ಜೂನ್ 15ರಂದು ಕರ್ನಾಟಕದ ಕಾಂಗ್ರೆಸ್ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿತು. ಡೀಸೆಲಿನದನ್ನು 14.34ರಿಂದ 18.44ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಏರಿತು. ಲೋಕಸಭೆ ಚುನಾವಣೆಯ ಫಲಿತಾಂಶ ಬಂದು ಎರಡು ವಾರ ಕೂಡ ಆಗಿರಲಿಲ್ಲ. ಬಿಜೆಪಿಯವರು ಕೂಡಲೇ ಬೀದಿಗೆ ಇಳಿದರು. ಗ್ಯಾರಂಟಿಗೆ ದುಡ್ಡು ಸಾಲದೆ ಜನರ ಜೇಬಿಗೆ ಕತ್ತರಿ ಹಾಕಿದ್ದಾರೆ ಎಂದರು. ಕಾಂಗ್ರೆಸ್ಸಿನವರು, ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮ ತೆರಿಗೆ ಇನ್ನೂ ಕಡಿಮೆಯೇ ಇದೆ, ಮೊದಲು ಕೇಂದ್ರದವರು ಇಳಿಸಲಿ ಎಂದರು.

ಇಬ್ಬರೂ ಅರ್ಧ ಸತ್ಯ ಹೇಳಿದರು. ಅರ್ಧ ಅರ್ಧ ಸೇರಿದರೆ ಪೂರ್ತಿ ಆಗಬೇಕಿತ್ತು. ಆದರೆ ಇವರಿಬ್ಬರ ಅರ್ಧಗಳು ಸೇರಿ ಒಂದು ಪೂರ್ತಿ ಸುಳ್ಳಾಗಿದೆ.

ಮೊದಲು ಕಮಲದವರ ಲೆಕ್ಕ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ದೊಡ್ಡ ಕಂಪನಿಗಳ ಆದಾಯ ತೆರಿಗೆಯ ದರವನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿತು. ಅದಾಗಿ ಎಂಟು ತಿಂಗಳಿಗೆ, 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ಮಧ್ಯೆ, ಕೂಲಿಯವರು ಹೈವೇಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಾಗ, ಪೆಟ್ರೋಲಿನ ಸುಂಕವನ್ನು ಒಂದೇ ಸಲಕ್ಕೆ 10 ರೂಪಾಯಿ, ಡೀಸೆಲಿನ ಸುಂಕವನ್ನು 13 ರೂಪಾಯಿ ಏರಿಸಿತು. ಲೋಕದಲ್ಲಿ ಕಚ್ಚಾ ಎಣ್ಣೆಯ ಬೆಲೆ ನೆಲ ಕಚ್ಚಿದ್ದ ಕಾಲ ಅದು. ಇಳಿದ ಬೆಲೆ ನಮಗೆ ಸಿಗಲಿಲ್ಲ, ಸುಂಕವಾಗಿ ದೆಹಲಿಗೆ ಹೋಯಿತು. 2021ರ ನವೆಂಬರಿನಲ್ಲಿ, 2022ರ ಮೇನಲ್ಲಿ ಒಂದಿಷ್ಟು ಇಳಿಸಿದರು. 2024ರ ಮಾರ್ಚಿನಲ್ಲಿ, ಚುನಾವಣೆಯ ಬಾಗಿಲಲ್ಲಿ, ಬೆಲೆಯನ್ನು ಎರಡು ರೂಪಾಯಿ ತಗ್ಗಿಸಿದರು. 2025ರ ಏಪ್ರಿಲ್ 7ರಂದು ರಾಜ್ಯ ಬಿಜೆಪಿಯವರು ಬೆಲೆಯೇರಿಕೆ ವಿರುದ್ಧ ಮೈಸೂರಿನಲ್ಲಿ ಜನಾಕ್ರೋಶ ಯಾತ್ರೆ ಹೊರಡಿಸಿದರು. ಅದೇ ದಿನ ಅವರದೇ ಕೇಂದ್ರ ಸರ್ಕಾರ ಅಡುಗೆ ಗ್ಯಾಸಿನ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಪೆಟ್ರೋಲು ಡೀಸೆಲುಗಳ ಸುಂಕಕ್ಕೂ ಎರಡೆರಡು ರೂಪಾಯಿ ಸೇರಿಸಿತು. ಆಕ್ರೋಶ ಯಾರ ಮೇಲೆ ಸ್ವಾಮಿ?

ಇನ್ನು ಬಿಟ್ಟಿಯ ಮಾತು. 2022ರಲ್ಲಿ ಪ್ರಧಾನಿಗಳು ಪುಕ್ಕಟೆ ಹಂಚುವುದನ್ನು 'ರೇವಡಿ' ಎಂದು ಹಂಗಿಸಿದರು. ವರ್ಷ ತುಂಬುವ ಮೊದಲೇ, 2023ರ ಕರ್ನಾಟಕ ಚುನಾವಣೆಯಲ್ಲಿ, ಅವರದೇ ಪಕ್ಷ ಬಡವರಿಗೆ ಯುಗಾದಿಗೊಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು ಸಿಲಿಂಡರು ಪುಕ್ಕಟೆ ಕೊಡುತ್ತೇವೆ, ದಿನಕ್ಕೆ ಅರ್ಧ ಲೀಟರು ನಂದಿನಿ ಹಾಲು ಕೊಡುತ್ತೇವೆ ಎಂದು ಪ್ರಣಾಳಿಕೆ ಅಚ್ಚು ಹಾಕಿಸಿತು. ಅವರು ಕೊಟ್ಟರೆ ಪ್ರಸಾದ, ಇವರು ಕೊಟ್ಟರೆ ಬಿಟ್ಟಿ.

ಈಗ ಕೈಯವರ ಲೆಕ್ಕ. ಗ್ಯಾರಂಟಿಗಳು ಬೇಡ ಅನ್ನುವವರ ಗುಂಪಿನಲ್ಲಿ ನಾವಿಲ್ಲ. ಲೈನು ಮನೆಯ ಹೆಂಗಸಿನ ಖಾತೆಗೆ ತಿಂಗಳಿಗೆ ಎರಡು ಸಾವಿರ ಬಿದ್ದರೆ ಅದರ ಬೆಲೆ ಏನೆಂಬುದು ನಮಗೆ ಗೊತ್ತು. ಮೇಸ್ತ್ರಿಯ ಮುಂದೆ ಮುಂಗಡಕ್ಕೆ ಕೈಯೊಡ್ಡುವುದು ಒಂದು ಸಲ ತಪ್ಪಿದರೂ ಅದು ದೊಡ್ಡದೇ. ಆ ಹಣವನ್ನು ಗೇಲಿ ಮಾಡುವ ಬಾಯಿಗಳು ಯಾವತ್ತೂ ಹಸಿದ ಬಾಯಿಗಳಲ್ಲ. ಆದರೆ ಆ ಎರಡು ಸಾವಿರ ಎಲ್ಲಿಂದ ಬಂತು ಎಂದು ಕೇಳುವ ಹಕ್ಕೂ ಅವಳಿಗೇ ಇದೆ.

2023ರ ಜುಲೈನಲ್ಲಿ ಮದ್ಯದ ಸುಂಕ ನೂರಕ್ಕೆ ಇಪ್ಪತ್ತು ಏರಿತು. ಗಂಡನ ಕ್ವಾರ್ಟರಿನಿಂದ ಕಿತ್ತು ಹೆಂಡತಿಯ ಖಾತೆಗೆ ಹಾಕಿದರು. 2024ರ ಜೂನಿನಲ್ಲಿ ಡೀಸೆಲಿಗೆ ಏರಿತು. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟು ನೂರಕ್ಕೆ ಹದಿನೈದು ಏರಿತು. ಹೆಂಗಸಿಗೆ ಪುಕ್ಕಟೆ, ಅದೇ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅವಳ ಮುದಿ ಅಪ್ಪನಿಗೆ ಹೆಚ್ಚಿನ ದುಡ್ಡು. 2025ರ ಏಪ್ರಿಲಿನಲ್ಲಿ ಡೀಸೆಲಿನ ತೆರಿಗೆ ಮತ್ತೆ 21.17ಕ್ಕೆ ಹೋಯಿತು. ಒಂದೇ ಮನೆಯ ಒಂದು ಮೂಲೆಯಿಂದ ಎತ್ತಿ ಇನ್ನೊಂದು ಮೂಲೆಗೆ ಇಡುವುದಕ್ಕೆ ಭಾಗ್ಯ ಎಂದು ಹೆಸರು.

ಸರಿ, ಆ ಪುಕ್ಕಟೆ ಬಸ್ಸಾದರೂ ನಮ್ಮ ಬೆಟ್ಟಗಳಿಗೆ ಬಂತೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿಗೆ ಅದು ಅನ್ವಯ. ಕಳಸ, ಹೊರನಾಡು, ಬಾಳೆಹೊನ್ನೂರು, ಕೊಪ್ಪ, ಈ ಕಡೆಯ ರಸ್ತೆಗಳಲ್ಲಿ ಹಿಂದಿನಿಂದಲೂ ಓಡಾಡಿದ್ದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಶಕ್ತಿ ಟಿಕೆಟು ನಡೆಯುವುದಿಲ್ಲ. ಬಸ್ಸು ಹೋಗದ ಎಸ್ಟೇಟು ದಾರಿಯಲ್ಲಿ ಜೀಪು, ಆಟೋ, ಪಿಕಪ್ಪು. ಕಳಸದ ಕಡೆಯ ಒಂದು ಲೈನಿನಲ್ಲಿ ಅಕ್ಕ ಒಬ್ಬರು ಹೇಳಿದ್ದು ಹೀಗೆ: "ಬೆಂಗ್ಳೂರಿನ ಹೆಂಗಸ್ರಿಗೆ ಬಸ್ಸು ಪುಕ್ಕಟೆ ಅಂತೆ ಕಣಪ್ಪ. ನಾವು ಡೀಸೆಲ್ ಟ್ಯಾಕ್ಸ್ ಕಟ್ಟೋದು ಅವ್ರ ಬಸ್ಸಿಗೆ, ನಮ್ಮ ಜೀಪಿನೋನು ಬಾಡಿಗೆ ಏರ್ಸೋದು ನಮ್ಗೆ." ಹಣಕಾಸು ಇಲಾಖೆಯ ಕಡತಗಳಲ್ಲಿ ಸಿಗದ ಸತ್ಯ ಇದು. ಡೀಸೆಲಿನ ತೆರಿಗೆ ಬೆಟ್ಟದ ತುದಿಯ ತನಕ ಹತ್ತುತ್ತದೆ. ಅದರಿಂದ ಬಂದ ಬಸ್ಸು ಮಾತ್ರ ಬಯಲಲ್ಲೇ ನಿಲ್ಲುತ್ತದೆ.

ಬಸ್ಸಿನ ಮಾತು ಬಂದದ್ದಕ್ಕೆ ಇನ್ನೊಂದು ನೆನಪು. ಕೊಪ್ಪದಲ್ಲಿ ಒಂದು ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ಧಣಿ ಇಲ್ಲದ ಬಸ್ಸು. ಮೂರು ದಶಕದ ಹತ್ತಿರ ಮಲೆನಾಡಿನ ಮೂಲೆ ಮೂಲೆಗೆ ಜನರನ್ನು ಹೊತ್ತು ತಂದವು ಆ ಬಸ್ಸುಗಳು. 2020ರ ಫೆಬ್ರವರಿಯಲ್ಲಿ ನಷ್ಟ ತಾಳದೆ ನಿಂತವು. ಏರಿದ ಡೀಸೆಲಿನ ಬೆಲೆ ಆ ನಷ್ಟಕ್ಕೆ ಒಂದು ದೊಡ್ಡ ಕಾರಣ. ಆಗ ವಿಧಾನಸೌಧದಲ್ಲಿ ಬಿಜೆಪಿ, ದೆಹಲಿಯಲ್ಲೂ ಬಿಜೆಪಿ. ಕಾರ್ಮಿಕರು ತಮ್ಮ ಕೈಯಿಂದ ಕಟ್ಟಿದ್ದನ್ನು ಉಳಿಸಲು ಖಜಾನೆಯ ಬಾಗಿಲು ತೆಗೆಯಲಿಲ್ಲ. 2023ರಲ್ಲಿ ಈ ಜಿಲ್ಲೆಯ ಐದಕ್ಕೆ ಐದೂ ಸೀಟು ಕಾಂಗ್ರೆಸ್ಸಿಗೆ ಕೊಟ್ಟೆವು. ನಿಂತ ಬಸ್ಸಿನ ಜಾಗಕ್ಕೆ ಎಷ್ಟು ಸರ್ಕಾರಿ ಬಸ್ಸು ಬಂತು, ಯಾವ ಲೈನಿನ ತನಕ ಬಂತು, ಅವರು ಹೇಳಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

2013ರಲ್ಲಿ ಇದೇ ಕಾಂಗ್ರೆಸ್ ಸರ್ಕಾರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ತಂದಿತು. ನಮ್ಮ ಜನಸಂಖ್ಯೆಗೆ ತಕ್ಕ ಪಾಲು, ನೂರಕ್ಕೆ 24.1, ಅಭಿವೃದ್ಧಿಯ ಹಣದಲ್ಲಿ ತೆಗೆದಿಡಬೇಕು ಎಂದಿತು. ಒಳ್ಳೆಯ ಕಾಯ್ದೆ. ಅದಕ್ಕಾಗಿ ದಲಿತ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದವು. ಆದರೆ ಅದರಲ್ಲಿ 7(ಡಿ) ಎಂಬ ಒಂದು ಕಿಂಡಿ ಇಟ್ಟಿದ್ದರು. ಎಲ್ಲರೂ ಓಡಾಡುವ ರಸ್ತೆ, ಸೇತುವೆಗೂ ನಮ್ಮ ಪಾಲಿನ ಹಣ ಹಾಕಿ, ದಲಿತರೂ ಇದರ ಮೇಲೆ ನಡೆಯುತ್ತಾರಲ್ಲ ಎನ್ನುವ ಕಿಂಡಿ. ಕಾಂಗ್ರೆಸ್ಸೂ ಅದರೊಳಗೆ ಕೈ ಹಾಕಿತು, ಬಿಜೆಪಿಯೂ ಹಾಕಿತು. ಹೋರಾಟದ ಒತ್ತಡಕ್ಕೆ 2023ರಲ್ಲಿ ಆ ಕಿಂಡಿ ಮುಚ್ಚಿದರು. ಕಿಂಡಿ ಮುಚ್ಚಿದ ಸರ್ಕಾರವೇ ಅದೇ ವರ್ಷ ಹೆಬ್ಬಾಗಿಲು ತೆರೆಯಿತು. 2023-24ರಲ್ಲಿ ಈ ಹಣದಿಂದ 11 ಸಾವಿರದ 144 ಕೋಟಿ, 2024-25ರಲ್ಲಿ 14 ಸಾವಿರದ 282 ಕೋಟಿ ರೂಪಾಯಿ ಗ್ಯಾರಂಟಿಗಳ ಬಾಬಿಗೆ ಹೋಯಿತು. ಎರಡು ವರ್ಷಕ್ಕೆ 25 ಸಾವಿರ ಕೋಟಿಯ ಮೇಲೆ.

ಕೇಳಿದರೆ ಏನನ್ನುತ್ತಾರೆ? "ಗ್ಯಾರಂಟಿ ತಗೊಳ್ಳೋರಲ್ಲಿ ದಲಿತರೂ ಇದ್ದಾರಲ್ಲ, ಅವರ ಪಾಲಿನಷ್ಟನ್ನೇ ಹಾಕಿದ್ದೇವೆ" ಅನ್ನುತ್ತಾರೆ. ಅಯ್ಯಾ, ಗೌಡರ ಮನೆಯ ಹೆಂಗಸಿಗೂ ಎರಡು ಸಾವಿರ, ನಮ್ಮ ಕೇರಿಯ ಹೆಂಗಸಿಗೂ ಎರಡು ಸಾವಿರ. ಅವಳದ್ದು ಸಾಮಾನ್ಯ ಖಜಾನೆಯಿಂದ. ನಮ್ಮವಳದ್ದು ಮಾತ್ರ ಅವಳ ಮಗನ ಹಾಸ್ಟೆಲ್ಲಿನ ಹಣದಿಂದ, ಅವಳು ಕಟ್ಟಿಸಬೇಕಾಗಿದ್ದ ಮನೆಯ ಹಣದಿಂದ, ಕೊಳ್ಳಬೇಕಾಗಿದ್ದ ಎರಡೆಕರೆ ಜಮೀನಿನ ಹಣದಿಂದ. ಎಲ್ಲರಿಗೂ ಊಟ ಹಾಕಿಸುತ್ತೇನೆ ಎಂದು ಕರೆದು, ಹೊಲಗೇರಿಯವರ ಎಲೆಗೆ ಮಾತ್ರ ಅವರ ಮನೆಯ ಅಕ್ಕಿಯನ್ನೇ ತರಿಸಿ ಬಡಿಸಿದ ಹಾಗೆ ಇದು. ಸಹಪಂಕ್ತಿ ಭೋಜನದಲ್ಲೂ ಬೇರೆ ಪಾತ್ರೆ.

ಇದೇ ಸರ್ಕಾರ 2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರಿನಲ್ಲಿ ಕೂತು 'ನಮ್ಮ ತೆರಿಗೆ ನಮ್ಮ ಹಕ್ಕು' ಎಂದು ಕೂಗಿತು. ಕೂಗಿದ್ದು ಸರಿಯಾಗಿಯೇ ಇತ್ತು. ಹದಿನೈದನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು 4.713ರಿಂದ 3.647ಕ್ಕೆ ಇಳಿಸಿತ್ತು. 2024ರಲ್ಲಿ ಒಂದು ಲೀಟರು ಪೆಟ್ರೋಲಿನ ಮೇಲೆ ಕೇಂದ್ರ ಎತ್ತುತ್ತಿದ್ದ 19 ರೂಪಾಯಿ 90 ಪೈಸೆಯಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದಕ್ಕೆ ಸೆಸ್ಸು, ವಿಶೇಷ ಸುಂಕ ಎಂದು ಬೇರೆ ಹೆಸರಿಟ್ಟು ಪೂರಾ ಒಳಗೆ ಹಾಕಿಕೊಂಡರು. ಹೆಸರು ಬದಲಿಸಿ ಪಾಲು ತಪ್ಪಿಸುವ ವಿದ್ಯೆ ಇದು.

ಆದರೆ ದೆಹಲಿ ಬೆಂಗಳೂರಿಗೆ ಮಾಡಿದ್ದನ್ನೇ ಬೆಂಗಳೂರು ನಮ್ಮ ಕೇರಿಗೆ ಮಾಡಿದೆ. ಅವರು ಸುಂಕಕ್ಕೆ ಸೆಸ್ಸು ಎಂದು ಹೆಸರಿಟ್ಟರು, ಇವರು ಉಪಯೋಜನೆಗೆ ಗ್ಯಾರಂಟಿ ಎಂದು ಹೆಸರಿಟ್ಟರು. ದೆಹಲಿಯಲ್ಲಿ ಪಾಲು ಕೇಳಿದ ನಾಲಿಗೆ ಮೂಡಿಗೆರೆಯಲ್ಲಿ ಪಾಲು ಕೊಡುವಾಗ ಯಾಕೆ ತೊದಲುತ್ತದೆ? ಮೇಲಿನವನ ಮುಂದೆ ಹಕ್ಕು, ಕೆಳಗಿನವನಿಗೆ ಭಾಗ್ಯ. ಜಾತಿ ವ್ಯವಸ್ಥೆಯ ಏಣಿ ಅಂದರೆ ಇದೇ ಅಲ್ಲವೇ? ಬಾಬಾಸಾಹೇಬರು 1925ರಲ್ಲೇ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಬಗ್ಗೆ ಪುಸ್ತಕ ಬರೆದರು. ನಾವು ಅವರ ಪ್ರತಿಮೆಗೆ ಹಾರ ಹಾಕಿ ಬಂದೆವು. ಬಜೆಟ್ಟಿನ ಪುಸ್ತಕ ತೆಗೆದು ಓದುವುದನ್ನು ಕಲಿಯಲಿಲ್ಲ.

ಬಿಜೆಪಿಯವರು ಈಗ ಉಪಯೋಜನೆಯ ಹಣಕ್ಕಾಗಿ ಕಣ್ಣೀರು ಹಾಕುತ್ತಿದ್ದಾರೆ. ಅವರಿಗೆ ಒಂದೇ ಪ್ರಶ್ನೆ. ಕರ್ನಾಟಕದಂಥ ಕಾಯ್ದೆಯನ್ನು ದೇಶಕ್ಕೆಲ್ಲ ಯಾಕೆ ತರಲಿಲ್ಲ? ದೆಹಲಿಯಲ್ಲಿ 2014ರಿಂದ ಅಧಿಕಾರ ಯಾರದ್ದು?

ಹಾಗಾದರೆ ದುಡ್ಡು ಎಲ್ಲಿಂದ ತರಬೇಕು ಎಂದು ಕೇಳುತ್ತೀರಿ. ತಲೆಯೆತ್ತಿ ಸುತ್ತ ನೋಡಿ. ಬಾಬಾಬುಡನ್‌ಗಿರಿಯಿಂದ ಕಳಸದ ತನಕ ಬೆಟ್ಟ ಬೆಟ್ಟವೇ ದುಡ್ಡು. 2024, 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಲೋಕದ ಮಾರುಕಟ್ಟೆಯಲ್ಲಿ ದಾಖಲೆ ಮುರಿಯಿತು. ಪೇಟೆಯಲ್ಲಿ ಹೊಸ ಕಾರುಗಳು ಬಂದವು. ಲೈನು ಮನೆಯ ಹೆಂಚು ಮಾತ್ರ ಹೋದ ಮಳೆಗಾಲದ್ದೇ.

ಬೆಳೆಗಾರ ಕಾಫಿ ಬೆಳೆದು, ಪಲ್ಪ್ ಮಾಡಿ, ಕಣದಲ್ಲಿ ಒಣಗಿಸಿ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೆ ನೂರಕ್ಕೆ 25ರಷ್ಟಕ್ಕೆ ಮಾತ್ರ. ಉಳಿದದ್ದಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. 1957ರಲ್ಲೇ ಕೃಷಿ ಆದಾಯ ತೆರಿಗೆಯ ಕಾಯ್ದೆ ಮಾಡಿ ತೋಟದ ಬೆಳೆಗಳಿಗೆ ತೆರಿಗೆ ಹಾಕಿದ ರಾಜ್ಯ ಇದು. ಆಮೇಲೆ ಬಂದ ಸರ್ಕಾರಗಳು ವಿನಾಯಿತಿಯ ಮೇಲೆ ವಿನಾಯಿತಿ ಕೊಟ್ಟು ಅದನ್ನು ಸವೆಸಿದವು. ಒಂದು ಎಕರೆ ಎರಡು ಎಕರೆಯವನಿಗೆ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಅವನೂ ನಮ್ಮ ಹಾಗೆ ಸಾಲದಲ್ಲಿರುವವನು. ನೂರಾರು ಎಕರೆಯವನ ಮಾತು ಇದು. ಅವನ ಸ್ಪ್ರಿಂಕ್ಲರಿಗೆ ಹಾಕುವ ಡೀಸೆಲಿನ ತೆರಿಗೆಯ ದರವೂ, ಕೂಲಿಯವಳನ್ನು ಹೊತ್ತ ಪಿಕಪ್ಪಿನ ಡೀಸೆಲಿನ ದರವೂ ಒಂದೇ. ಅವನ ತೋಟದ ಲಾಭಕ್ಕೆ ಕೇಂದ್ರ ಕೈಮುಗಿಯುತ್ತದೆ. ಅವಳು ಕೊಳ್ಳುವ ಸೋಪಿನ ಮೇಲೆ ಜಿಎಸ್‌ಟಿ ಬಿಡುವುದಿಲ್ಲ.

ಭೂಮಿಯ ಕಥೆಯೂ ಇದೇ. ಉಳುವವನೇ ಒಡೆಯ ಎಂದು ಭೂಸುಧಾರಣೆ ಬಂದಾಗ ಕಾಫಿ, ಏಲಕ್ಕಿ ತೋಟಗಳನ್ನು ಅದರಿಂದ ಹೊರಗಿಟ್ಟರು. ಬಯಲಲ್ಲಿ ಗೇಣಿದಾರನಿಗೆ ಗದ್ದೆ ಸಿಕ್ಕಿತು. ಬೆಟ್ಟದಲ್ಲಿ ತೋಟದ ಆಳು ಆಳಾಗಿಯೇ ಉಳಿದ. ತೋಟದ ಬೇಲಿ ಸರ್ಕಾರಿ ಜಮೀನಿನ ಕಡೆಗೆ ವರ್ಷ ವರ್ಷ ನಡೆದುಕೊಂಡು ಹೋಯಿತು. 2022ರ ಕೊನೆಯಲ್ಲಿ ಬೊಮ್ಮಾಯಿಯವರ ಬಿಜೆಪಿ ಸರ್ಕಾರ ಭೂಕಂದಾಯ ಕಾಯ್ದೆ ತಿದ್ದಿತು. 2005ರ ಜನವರಿ 1ಕ್ಕೆ ಮೊದಲು ಸರ್ಕಾರಿ ಜಮೀನು ಒತ್ತಿ ತೋಟ ಮಾಡಿದವರಿಗೆ 25 ಎಕರೆ ತನಕ, 30 ವರ್ಷಕ್ಕೆ ಗುತ್ತಿಗೆ. ಕಾಂಗ್ರೆಸ್ಸು ಬಂದ ಮೇಲೆ ಅದನ್ನು ರದ್ದು ಮಾಡಿತೇ? ಇಲ್ಲ, ಜಾರಿಗೆ ತರಲು ಹೊರಟಿತು. ಮೂರು ರೂಪಾಯಿ ಡೀಸೆಲಿಗೆ ಬೀದಿಯಲ್ಲಿ ಕಚ್ಚಾಡಿದ ಎರಡು ಪಕ್ಷಗಳು 25 ಎಕರೆಯ ವಿಷಯದಲ್ಲಿ ಅಣ್ಣತಮ್ಮಂದಿರು.

ನಮ್ಮವರು ಫಾರಂ 50, 53, 57 ಎಂದು ಅರ್ಜಿ ಹಾಕಿ ಹಾಕಿ ಮುದುಕರಾದರು. ಮೂವತ್ತಕ್ಕೆ ನಲವತ್ತು ಅಡಿ ಮನೆ ಜಾಗ ಕೇಳಿದರೆ ಅರಣ್ಯ ಅನ್ನುತ್ತಾರೆ, ಗೋಮಾಳ ಅನ್ನುತ್ತಾರೆ. ಹೆಣ ಹೂಳಲು ಆರಡಿ ಜಾಗಕ್ಕೆ ತಹಶೀಲ್ದಾರರ ಕಚೇರಿಯ ಮುಂದೆ ಹೆಣ ಇಟ್ಟುಕೊಂಡು ಕೂರಬೇಕು. ಸಾಹುಕಾರ ಒತ್ತಿದರೆ ಗುತ್ತಿಗೆ, ನಾವು ಒತ್ತಿದರೆ ಜೆಸಿಬಿ. ಈಗ ಹೇಳಿ, ಈ ನಾಡಿನಲ್ಲಿ ಬಿಟ್ಟಿ ತಿಂದವರು ಯಾರು?

ಬೈಗುಳ ಎಲ್ಲ ಬೇರೆಯವರಿಗೇ ಇರಲಿ ಎಂದು ನಾನು ಬರೆಯುತ್ತಿಲ್ಲ. ಮೂಡಿಗೆರೆ ಮೀಸಲು ಕ್ಷೇತ್ರ. ಈ ಜಿಲ್ಲೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಪರಿಶಿಷ್ಟ ಜಾತಿಯವರು ಎಂದು 2011ರ ಜನಗಣತಿ ಹೇಳುತ್ತದೆ. 1978ರಲ್ಲಿ ಇಂದಿರಾ ಗಾಂಧಿಯವರನ್ನು ಇದೇ ಚಿಕ್ಕಮಗಳೂರಿನಿಂದ ಗೆಲ್ಲಿಸಿ ದೆಹಲಿಗೆ ಕಳಿಸಿದೆವು ಎಂದು ಈಗಲೂ ಎದೆ ಉಬ್ಬಿಸುತ್ತೇವೆ. ಗೆಲ್ಲಿಸಿದ್ದಕ್ಕೆ ಏನು ಪಡೆದೆವು? ನಮ್ಮ ಹುಡುಗರು ಒಬ್ಬ ಕೇಸರಿ ಶಾಲು, ಒಬ್ಬ ಮೂರು ಬಣ್ಣದ ಶಾಲು ಹಾಕಿಕೊಂಡು ಬಂಕಿನ ಮುಂದೆ ಎದುರು ಬದುರು ನಿಂತು ಘೋಷಣೆ ಕೂಗುತ್ತಾರೆ. ಸಂಜೆ ಒಂದೇ ಲೈನಿಗೆ, ಒಂದೇ ಸೋರುವ ಹೆಂಚಿನ ಕೆಳಗೆ ಹೋಗಿ ಮಲಗುತ್ತಾರೆ. ದಲಿತ ಸಂಘಟನೆ ಒಡೆದು ಹೋಳಾಯಿತು, ಒಂದೊಂದು ಹೋಳಿಗೆ ಒಂದೊಂದು ಪಕ್ಷದ ಅಂಗಳ. ಉಪಯೋಜನೆಯ ಹಣ ಹೋದಾಗ ಕಾಂಗ್ರೆಸ್ಸಿನ ಅಂಗಳದಲ್ಲಿದ್ದವರು ಸುಮ್ಮನಿದ್ದರು. ಸಿಲಿಂಡರಿನ ಬೆಲೆ ಏರಿದಾಗ ಬಿಜೆಪಿಯ ಅಂಗಳದಲ್ಲಿದ್ದವರು ಸುಮ್ಮನಿದ್ದರು. ನಮ್ಮ ಈ ಮೌನವೂ ಒಂದು ಬಿಟ್ಟಿ ಚಾಕರಿಯೇ.

ಆದ್ದರಿಂದ ಗೆಳೆಯರೇ, ಡೀಸೆಲಿಗೆ ಮೂರು ರೂಪಾಯಿ ಏರಿಸಿದ್ದು ಸರಿಯೋ ತಪ್ಪೋ ಎಂದು ಅವರು ಎಳೆದ ಗೆರೆಯೊಳಗೆ ನಿಂತು ವಾದ ಮಾಡಬೇಡಿ. ಯಾರಿಂದ ಎತ್ತಿದಿರಿ, ಯಾರಿಗೆ ಬಿಟ್ಟಿರಿ, ಯಾರ ಪಾಲನ್ನು ಯಾರ ಹೆಸರಿನಲ್ಲಿ ಖರ್ಚು ಹಾಕಿದಿರಿ ಎಂದು ಕೇಳಿ. ಗ್ಯಾರಂಟಿಗಳು ಇರಲಿ, ಆದರೆ ಅವು ಸಾಮಾನ್ಯ ಖಜಾನೆಯಿಂದ ಬರಲಿ. ಉಪಯೋಜನೆಯಿಂದ ತೆಗೆದದ್ದು ಪೈಸೆ ಬಿಡದೆ ವಾಪಸ್ಸು ಬರಲಿ. ಶಕ್ತಿ ಟಿಕೆಟು ಬೆಟ್ಟದ ಬಸ್ಸಿಗೂ ನಡೆಯಲಿ, ಇಲ್ಲದಿದ್ದರೆ ಬೆಟ್ಟಕ್ಕೆ ಸರ್ಕಾರಿ ಬಸ್ಸು ಬರಲಿ. ದೊಡ್ಡ ತೋಟಗಳ ಆದಾಯಕ್ಕೆ ತೆರಿಗೆ ಬೀಳಲಿ. ಸಾಹುಕಾರನಿಗೆ 25 ಎಕರೆ ಗುತ್ತಿಗೆ ಕೊಡುವ ಮೊದಲು ಆ ತೋಟದ ಲೈನಿನಲ್ಲಿ ಹುಟ್ಟಿ ಅಲ್ಲೇ ಮುದುಕರಾದವರಿಗೆ ಮನೆ ಜಾಗದ ಹಕ್ಕುಪತ್ರ, ಸತ್ತವರಿಗೆ ಸ್ಮಶಾನ ಸಿಗಲಿ.

ಮುಂದಿನ ಗ್ರಾಮಸಭೆಗೆ ಕೂಲಿಗೆ ಒಂದು ದಿನ ರಜೆ ಹಾಕಿಯಾದರೂ ಹೋಗೋಣ. ನಮ್ಮ ಪಂಚಾಯಿತಿಗೆ ಉಪಯೋಜನೆಯ ಹಣ ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂಬ ಒಂದೇ ಪ್ರಶ್ನೆಯನ್ನು ಎಲ್ಲರೂ ಕೇಳೋಣ. ಹಾರಿಕೆಯ ಉತ್ತರ ಕೊಟ್ಟರೆ ಎದ್ದು ಬರುವುದು ಬೇಡ. ಬುತ್ತಿ ಹೇಗೂ ಇರುತ್ತದೆ. ಲೆಕ್ಕ ಕೊಡುವ ತನಕ ಅಲ್ಲೇ ಕೂತು ಉಣ್ಣೋಣ.